ಮನೆ ಸಾಲಿನ ವೈನು

ಒಂದು ಹನಿ ಸಾಕಿತ್ತು. ಗಾಜಿನ ತಟ್ಟೆಯ ಮೇಲೆ ವೈನು ಬಿದ್ದ ಹದಿನಾಲ್ಕನೆಯ ಸೆಕೆಂಡಿಗೆ 'ರಸನೆ' ಯಂತ್ರವು ಅದರಲ್ಲಿ ಉಳಿದ ಕೀಟನಾಶಕಗಳ ಹೆಸರನ್ನು ಒಂದೊಂದಾಗಿ ಗಟ್ಟಿಯಾಗಿ ಹೇಳುತ್ತಿತ್ತು. ಪ್ರತಿ ಅಣುವೂ ಬೆಳಕನ್ನು ತನ್ನದೇ ರೀತಿಯಲ್ಲಿ ಚದುರಿಸುತ್ತದೆ. ರಸನೆ ಆ ಚದುರುವಿಕೆಯನ್ನು ಓದುತ್ತಿತ್ತು. ಅದನ್ನು ಕಟ್ಟಿದ ಡಾ. ಸುಮೇಧಾ ವಿಜಯಪುರದ ಪ್ರಯೋಗಾಲಯದಲ್ಲಿ ಎರಡು ವರ್ಷಗಳಿಂದ ಅದರ ಬಾಯಿಂದ ಬರೀ ದೂರುಗಳನ್ನೇ ಕೇಳಿದ್ದಳು.

೨೦೬೧ರ ಆ ಬೆಳಿಗ್ಗೆ ಯಂತ್ರ ಸುಮ್ಮನಿತ್ತು. ಕೆಟ್ಟಿರಬೇಕೆಂದು ಸುಮೇಧಾ ತಟ್ಟಿ ನೋಡಿದಳು. ಮತ್ತೆ ಮೌನ. ತಿಕೋಟಾದ ದ್ರಾಕ್ಷಿ ಬೆಳೆಗಾರ ರಾವುತಪ್ಪ ಕಳಿಸಿದ್ದ ಬಾಟಲಿಯಲ್ಲಿ ವಿಷವೇ ಇರಲಿಲ್ಲ.

ರಾವುತಪ್ಪ ವೈನು ಮಾಡಿದ್ದು ಅದೇ ಮೊದಲು. ಇನ್ನು ಅವನ ವೈನಿನ ಟ್ಯಾಂಕನ್ನೊಮ್ಮೆ ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟರೆ ಅದರ ಹದಿನೆಂಟು ಸಾವಿರ ಲೀಟರು ವಿದೇಶಕ್ಕೆ ಹಡಗು ಹತ್ತುತ್ತಿತ್ತು. ಇಲ್ಲದಿದ್ದರೆ ಬಟ್ಟಿ ಇಳಿಸಿ ಇಂಧನ ಮಾಡುವ ಕಾರ್ಖಾನೆಗೆ. ಸುಮೇಧಾ ಯಂತ್ರವನ್ನು ಹೊತ್ತು ತಿಕೋಟಾಕ್ಕೆ ಹೋದಳು. ಟ್ಯಾಂಕಿನ ಹನಿ ತಟ್ಟೆಗೆ ಬಿದ್ದು ಹದಿನಾಲ್ಕು ಸೆಕೆಂಡು ಕಳೆದದ್ದೇ ತಡ, ರಸನೆ ಹನ್ನೊಂದು ಹೆಸರು ಹೇಳಿತು.

"ರಾವುತಪ್ಪನವರೇ, ನೀವು ಕಳಿಸಿದ್ದು ಈ ವೈನಲ್ಲ."

"ಅಲ್ರೀ," ಎಂದ ಅವನು, ಹಿಂದೆಮುಂದೆ ನೋಡದೆ. "ಅದು ಮನಿ ಸಾಲಿಂದು."

ತೋಟದ ಅಂಚಿನ ಮೂರು ಸಾಲುಗಳಿಗೆ ಅವನು ಔಷಧ ಹೊಡೆಯುತ್ತಿರಲಿಲ್ಲ. ಅಲ್ಲಿಯ ಹಣ್ಣು ಮಕ್ಕಳಿಗೆ, ಬೀಗರಿಗೆ. ಉಳಿದದ್ದು ಮಾರಾಟಕ್ಕೆ, ಅಂದರೆ ಮಂದಿಗೆ.

"ಪರೀಕ್ಷೆಗೆ ಅದನ್ನ ಕೊಡೋದು ಮೋಸ ಅಲ್ಲೇನು?"

ರಾವುತಪ್ಪನಿಗೆ ನಿಜಕ್ಕೂ ನೋವಾಯಿತು. "ಏನ್ ಮಾತ್ರೀ ಅಕ್ಕಾರ! ಪರೀಕ್ಷಾ ಅಂದ್ರ ನೀವು ಕುಡದು ನೋಡ್ತೀರಿ ಅನ್ಕೊಂಡಿದ್ನಿ. ಮನಿ ಮಗಳಿದ್ದಂಗ ನೀವು. ನಿಮಗ ಮಂದಿ ವೈನ ಕುಡಸಾಕ ಮನಸ್ಸ ಬರತೈತೇನ್ರಿ?"

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಕಮಲವ್ವ ದನಿಗೂಡಿಸಿದಳು: "ನಾನ ಹೇಳಿದ್ನಿರಿ. ಪಾಪ, ದಿನಾ ಯಾರ್‍ಯಾರದೋ ಕುಡೀಬೇಕು, ಒಂದರ ಛಲೋದು ಹೊಟ್ಟಿಗೆ ಹೋಗಲಿ ಅಂತ."

ಇಂಥ ಅಪರಾಧಕ್ಕೆ ಸುಮೇಧಾಳ ನಮೂನೆಯಲ್ಲಿ ಕಾಲಂ ಇರಲಿಲ್ಲ. ಮನೆ ಸಾಲಿನ ನಲವತ್ತು ಬಾಟಲಿಗಳಿಗೆ ಪ್ರಮಾಣಪತ್ರ ಬರೆದಳು. ಟ್ಯಾಂಕಿಗೆ ಕೆಂಪು ಮೊಹರು ಒತ್ತಿದಳು.

ರಾವುತಪ್ಪ ಆ ಮೊಹರನ್ನು ಬೆರಳಿಂದ ಮುಟ್ಟಿ ನೋಡಿದ.

"ನಮ್ಮಪ್ಪನೂ ಇವೇ ಔಷಧ ಹೊಡದು ಹಣ್ಣ ಮಾರತಿದ್ದ. ಆಗ ನಿಮ್ಮ ಯಂತ್ರ ಇರಲಿಲ್ಲಲ್ರೀ. ಮಂದಿ ಏನ್ ಮಾಡತಿದ್ರು?"

ಸುಮೇಧಾ ಯಂತ್ರದ ಮುಚ್ಚಳ ಹಾಕಿದಳು.

"ಹಣ್ಣು ತೊಳ್ಕೊಂಡು ತಿಂತಿದ್ರು. ವೈನನ್ನ ತೊಳೆಯೋದು ಹೇಗೆ?"