ಮೇಲೊಂದು ಹಿಡಿ

ಪಾವು ತುಂಬಿ, ಅಂಗೈಯಿಂದ ಸವರಿ, ಗಿರಾಕಿಯ ಚೀಲಕ್ಕೆ ಸುರಿದಾದ ಮೇಲೆ ಇನ್ನೊಂದು ಹಿಡಿ ಹುರಿಹಿಟ್ಟನ್ನು ಮೇಲಿಂದ ಹಾಕುವುದು ಲಕ್ಕಮ್ಮನಿಗೆ ಅವಳವ್ವ ಕಲಿಸಿದ ವ್ಯಾಪಾರ. ಅದು ಕೊಸರು. ಕೊಸರು ಬಿದ್ದರೆ "ಮತ್ತೆ ಬನ್ನಿ" ಅಂತ ಅರ್ಥ. ಜಾಲಹಳ್ಳಿಯ ಹೊಸ ಕಾರ್ಖಾನೆಯ ಗೇಟಿನ ಮುಂದೆ ಬುಟ್ಟಿ ಇಟ್ಟುಕೊಂಡು ಕೂತ ದಿನದಿಂದ ಯಾರೂ ಅದನ್ನು ಬೇಡ ಅಂದಿರಲಿಲ್ಲ.

ಇವನು ಅಂದ. ಬಿಳಿ ಷರಟು, ಸೈಕಲ್ಲು, ಪ್ಯಾಂಟಿನ ತುದಿಗೆ ಕ್ಲಿಪ್ಪು. ಕಾರ್ಖಾನೆ ಕ್ಯಾಂಟೀನಿನ ಸ್ಟೋರ್‌ಕೀಪರ್ ವೆಂಕಟರಾಮಯ್ಯ.

"ಪುಕ್ಕಟೆ ಬೇಡಮ್ಮ, ಸಾಕು."

"ಯಾಕೆ ಸ್ವಾಮಿ, ಇನ್ನು ಇತ್ಲಾಗೆ ಮುಖ ಆಕಲ್ವಾ?"

ಪಾಪ, ತಬ್ಬಿಬ್ಬಾದ. ಕಿವಿ ಕೆಂಪಗಾದದ್ದು ಅವಳಿಗೆ ಚೆನ್ನಾಗಿಯೇ ಕಾಣಿಸಿತು. ಕಟ್ಟಿದ್ದ ಚೀಲ ಬಿಚ್ಚಿ ಮತ್ತೆ ಒಡ್ಡಿದ. ಅವಳು ಬೇಕೆಂದೇ ನಿಧಾನವಾಗಿ ಹಿಡಿ ತುಂಬಿ ಹಾಕಿದಳು. ಮಾರನೆಯ ದಿನವೂ ಬಂದ.

ಲಕ್ಕಮ್ಮನ ಗಂಡ ಹೋಗಿ ಆರು ವರ್ಷ. ಅವ್ವನೂ ಹೋದಳು. ಶೆಟ್ಟಿಹಳ್ಳಿಯ ಆ ಪುಟ್ಟ ಮನೆಯಲ್ಲಿ ಉಳಿದದ್ದು ಇವಳು ಮತ್ತು ರಾಗಿ ಹುರಿಯುವ ಬಾಣಲೆ. ಸಂಜೆ ಒಂದೇ ತಟ್ಟೆ ಇಟ್ಟುಕೊಂಡು, ಒಲೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ಒಮ್ಮೊಮ್ಮೆ ಬಾಣಲೆಯ ಜೊತೆ ಮಾತಾಡುತ್ತಿದ್ದಳು, ಅದನ್ನು ಯಾರಿಗೂ ಹೇಳಿರಲಿಲ್ಲ.

ಕ್ಯಾಂಟೀನಿಗೂ ಹಿಟ್ಟು ಬೇಕು ಅನ್ನುವ ನೆಪದಲ್ಲಿ ವೆಂಕಟರಾಮಯ್ಯ ಸಂಜೆ ಹೊತ್ತು ಅವಳ ಮನೆಯ ಜಗಲಿಗೆ ಬರತೊಡಗಿದ. ಊರಿಗೆಲ್ಲ ಕಾಣುವಂತೆ ಬಾಗಿಲು ತೆರೆದೇ ಇರುತ್ತಿತ್ತು. ಸಂತೆ ಸಂತೆಗೆ ರಾಗಿ ಕೊಳ್ಳಬೇಡಿ, ಸುಗ್ಗಿಯಲ್ಲೇ ತುಂಬಿಸಿಡಿ ಅಂದ. ಹುರಿಯಲು ಇಬ್ಬರು ಹೆಂಗಸರನ್ನು ಕರೆದುಕೊಳ್ಳಿ ಅಂದ. ಅವಳು ಎರಡೂ ಮಾಡಿದಳು. ಕೆಲಸ ಬೆಳೆಯಿತು.

"ಬೆಳೀಬೇಕು ಅಂದ್ರೆ, ಯಾವುದನ್ನ ಬಿಡಬಾರದು ಅಂತ ಮೊದ್ಲು ತೀರ್ಮಾನ ಮಾಡ್ಕೋಬೇಕು ಕಣ್ರೀ," ಅಂದ ಒಂದು ಸಂಜೆ.

"ಒಟ್ಟು-ತೌಡು ಬೆರೆಸಲ್ಲ. ಕೂಲಿ ತಡ ಮಾಡಲ್ಲ. ಕೊಸರು ಬಿಡಲ್ಲ."

"ಬಿಡಬಾರದ್ದು ಇನ್ನೇನೂ ಇಲ್ವಾ?" ಕೇಳಿದವನು ಸೈಕಲ್ಲಿನ ಬೆಲ್ಲನ್ನೇ ನೋಡುತ್ತಿದ್ದ.

"ಮಾತಾಡಿಸ್ಬೇಡಿ, ರಾಗಿ ಸೀದೋಗ್ತದೆ," ಅಂದಳು ಲಕ್ಕಮ್ಮ. ಒಲೆಯಲ್ಲಿ ಆಗಿನ್ನೂ ಬೆಂಕಿಯೇ ಹತ್ತಿರಲಿಲ್ಲ.

ಆಮೇಲೆ ಅವಳಿಗೆ ಜ್ವರ ಬಂತು. "ನೀವು ಮಲಗಿ, ನಾನು ನೋಡ್ಕೋತೀನಿ," ಅಂತ ವೆಂಕಟರಾಮಯ್ಯ ಸಂಜೆ ಗೇಟಿನ ಮುಂದೆ ತಾನೇ ಕೂತ. ಪಾವು ಸವರಿ ಸವರಿ ಹಾಕಿದ, ಒಬ್ಬರಿಗೂ ಕೊಸರು ಹಾಕಲಿಲ್ಲ. ಬೆಳಿಗ್ಗೆ ಚಿಕ್ಕಬಾಣಾವರದ ಗೌರಮ್ಮ, ಮೊದಲಿಂದಲೂ ಬರುವ ಗಿರಾಕಿ, ಬಾಗಿಲಲ್ಲಿ ಕಣ್ಣೊರೆಸುತ್ತ ನಿಂತಿದ್ದಳು.

"ನಾನೇನ್ ತಪ್ಪು ಮಾಡ್ದೆ ಲಕ್ಕಿ? ನನ್ಗ್ಯಾಕೆ ಕೊಸರಾಕಿಸ್ಲಿಲ್ಲ?"

ಲಕ್ಕಮ್ಮನಿಗೆ ಜ್ವರ ಬಿಟ್ಟು ಸಿಟ್ಟು ಏರಿತು. ಕೊಸರು ಹಾಕದೆ ಮಿಕ್ಕಿಸಿದ ಹಿಟ್ಟನ್ನು ಹೆಮ್ಮೆಯಿಂದ ಹಿಡಿದು ಬಂದವನನ್ನು ಮೆಟ್ಟಿಲಲ್ಲೇ ನಿಲ್ಲಿಸಿದಳು.

"ಯಶವಂತಪುರದ ಮುಜಫ್ಫರ್ ಸಾಹೇಬರು ತಮ್ಮ ಅಂಗಡಿಗೆ ನಿಮ್ಮ ಹಿಟ್ಟು ತಗೋತಾರಂತೆ," ಅಂದ ಅವನು. "ಬಾಯಿ ಹೊಲಿದ ಚೀಲ. ಈಗ ಸೇರು ಪಾವು ಹೋಗಿ ಹೊಸ ಕಿಲೋ ಬಂದಿದೆಯಲ್ಲ, ಒಂದು ಕಿಲೋ ಅಂದ್ರೆ ಒಂದೇ ಕಿಲೋ. ಕೊಸರಿಗೆ ಜಾಗ ಎಲ್ಲಿ? ಜನಕ್ಕೆ ಈಗಿಂದ್ಲೇ ರೂಢಿಯಾಗ್ಲಿ ಅಂತ, ನಿಮ್ಮ ಒಳ್ಳೇದಕ್ಕೇ..."

"ನನ್ ಒಳ್ಳೇದು ನನ್ನೇ ಕೇಳ್ಲಿಲ್ವಲ್ಲ. ಆ ಅಂಗಡಿ ಬ್ಯಾಡ. ಓಗಿ ಯಜಮಾನ್ರೇ, ನೀವೂ ಬ್ಯಾಡ."

ಅವನು ಹಿಟ್ಟಿನ ಬುಟ್ಟಿಯನ್ನು ಜಗಲಿಯ ಮೇಲಿಟ್ಟು ಹೋದ. ಆಮೇಲೆ ಆ ಗೇಟಿನ ಕಡೆಗೇ ಬರಲಿಲ್ಲ.

ಲಕ್ಕಮ್ಮ ಎಲ್ಲರಿಗೂ ಕೊಸರು ಹಾಕಿದಳು. ಗೌರಮ್ಮನಿಗೆ ಎರಡು ಹಿಡಿ ಹಾಕಿದಳು. ಆದರೆ ಸಂಜೆ ಜಗಲಿ ಗುಡಿಸುವಾಗ ಅವನು ಕೂರುತ್ತಿದ್ದ ಜಾಗಕ್ಕೆ ಬಂದು ಕೈ ನಿಲ್ಲುತ್ತಿತ್ತು. ಬೀದಿಯಲ್ಲಿ ಯಾರ ಸೈಕಲ್ ಬೆಲ್ಲು ಕೇಳಿಸಿದರೂ ಬಾಗಿಲಿಗೆ ಬಂದು ನೋಡುತ್ತಿದ್ದಳು. ತಾನು ಆಡಿದ ಮಾತಿನಲ್ಲಿ ಸುಳ್ಳಿರಲಿಲ್ಲ, ಕೊನೆಯ ಎರಡು ಪದ ಬಿಟ್ಟರೆ. ಅವನಿಲ್ಲದೆ ಸಂಕಟವಾಗುತ್ತಿದೆ ಅಂತ ಬಾಣಲೆಗೂ ಹೇಳಲಾಗದೆ ಕೂತಿರುತ್ತಿದ್ದಳು, ತಟ್ಟೆಯ ಮುದ್ದೆ ಆರಿ ಗಟ್ಟಿಯಾಗುತ್ತಿತ್ತು.

ಅವರೆಕಾಯಿ ಕಾಲ ಬಂತು. ಒಂದು ಸಂಜೆ ಸೈಕಲ್ಲು ತಳ್ಳಿಕೊಂಡು ಅವನೇ ಬಂದ, ಬಗಲಲ್ಲಿ ಬಟ್ಟೆಯ ಗಂಟು. ಜಗಲಿ ಹತ್ತಲಿಲ್ಲ.

"ಗೌರಮ್ಮನ ಮನೆಗೆ ಹೋಗಿ ತಪ್ಪಾಯ್ತು ಅಂದು ಬಂದೆ. ಕೊಸರಿಗೆ ಸಾಹೇಬರನ್ನೂ ಒಪ್ಪಿಸ್ದೆ. ಬೇಕಿದ್ರೆ ಅಂಗಡಿಗೆ ಕೊಡಿ, ಬೇಡ ಅಂದ್ರೆ ಬೇಡ. ಈ ಸಲ ಕೇಳೋಕೇ ಬಂದಿದೀನಿ."

ಗಂಟಿನ ತುಂಬ ಹೊಸ ಚೀಲ. ಕಿಲೋ ತೂಗಿ ಹಾಕಿದ ಮೇಲೂ ಒಂದು ಹಿಡಿಗೆ ಜಾಗ ಉಳಿಯುವಂತೆ ಹೊಲಿಸಿದ್ದ. ಲಕ್ಕಮ್ಮ ಒಂದಕ್ಕೆ ತೂಗಿ ಸುರಿದಳು, ಮೇಲೆ ಒಂದು ಹಿಡಿ ಹಾಕಿದಳು. ಚೀಲದ ಬಾಯಿ ಇನ್ನೂ ಸಡಿಲವಾಗಿಯೇ ಇತ್ತು.

"ದೊಡ್ಡದಾಯ್ತಲ್ಲ ಇದು?"

"ದರ್ಜಿಗೆ ನನ್ನ ಹಿಡಿ ಅಳತೆ ಕೊಟ್ಟೆ. ನಿಮ್ಮದು ಎಷ್ಟಿದೆ ಅಂತ ನಂಗೇನು ಗೊತ್ತು?"

ಅವಳಿಗೆ ನಗು ತಡೆಯಲಾಗಲಿಲ್ಲ. ಅವನ ಅಂಗೈ ಬಿಡಿಸಿ, ಅದರಲ್ಲಿ ತನ್ನ ಮುಷ್ಟಿ ಇಟ್ಟು ತೋರಿಸಿದಳು. "ಇಷ್ಟೇಯಾ."

ಅವನ ಬೆರಳು ಮೆಲ್ಲಗೆ ಮುಚ್ಚಿಕೊಂಡವು. ಅವಳೂ ಕೈ ತೆಗೆಯಲಿಲ್ಲ.

"ಯಶವಂತಪುರದ ರೂಮಲ್ಲಿ ನಾನೂ ಒಬ್ನೇ ಉಣ್ತೀನಿ ಲಕ್ಕಮ್ಮ. ಇನ್ನು ನನ್ನಿಂದಾಗಲ್ಲ. ನೀವಂದ್ರೆ ನಂಗೆ..."

"ನಮ್ ಕಡೆ ಗಂಡ ಇಲ್ದೋಳ್ನ ಮತ್ತೆ ಕಟ್ಕೊಳ್ಳೋರು ಸೀರೆ ಉಡ್ಸಿ ಕಟ್ಕೊತಾರೆ," ಅಂದಳು ಲಕ್ಕಮ್ಮ. ಕಣ್ಣು ನಗುತ್ತಿತ್ತು. "ಚೀಲ ಕೊಟ್ಟಲ್ಲ."

"ನಾಳೇನೇ ತರ್ತೀನಿ."

"ಮೊದಲ್ನೇ ದಿನ ಕೊಸರು ಬ್ಯಾಡ ಅಂದಿದ್ರಿ."

"ಈಗ ಕೇಳ್ತಾ ಇದೀನಿ," ಅಂತ ಅವನು ಇನ್ನೊಂದು ಕೈಯನ್ನೂ ಒಡ್ಡಿದ.

ಅವಳು ಬುಟ್ಟಿಯಿಂದ ಒಂದು ಹಿಡಿ ತೆಗೆದು ಅದರಲ್ಲಿ ಸುರಿದಳು. ಆಮೇಲೆ ಒಳಗೆ ಹೋಗಿ, ಬಹಳ ದಿನದಿಂದ ಮೇಲಿಟ್ಟಿದ್ದ ಎರಡನೆಯ ತಟ್ಟೆಯನ್ನು ಕೆಳಗಿಳಿಸಿ ತೊಳೆದಳು.