ನಾನೂರು ಮೀಟರ್ ಸರಿದ ಗೆರೆ

ಫೆಬ್ರವರಿ 10, 2026, ಮಂಗಳವಾರ. ಬೆಳಿಗ್ಗೆ 11.20ಕ್ಕೆ ಯಲಹಂಕದ ಠಾಣೆಗೆ ಬಂದ ಹೆಂಗಸು ತಾವೇ ಬರೆದು ತಂದಿದ್ದ ದೂರನ್ನು ಇನ್‌ಸ್ಪೆಕ್ಟರ್ ಖಾದರ್ ಬಾಷಾನ ಮೇಜಿನ ಮೇಲಿಟ್ಟರು. ಹೆಸರು ವೇದವತಿ, ವಯಸ್ಸು ಅರವತ್ತೆರಡು, ನಿವೃತ್ತ ಶಿಕ್ಷಕಿ. ಕಳುವಾದ ವಸ್ತು ಒಂದೇ: ಬೈಕಿನ ಹ್ಯಾಂಡಲಿಗೆ ಕೂರಿಸಿಕೊಂಡು ದಾರಿ ನೋಡುವ ಜಿಪಿಎಸ್ ಸಾಧನ.

"ಬೇರೆ ಏನೂ ಹೋಗಿಲ್ವಾ?"

"ಇಲ್ಲ."

"ಒಡವೆ?"

"ಬೀರುವಿನಲ್ಲೇ ಇದೆ. ಮುಟ್ಟಿಲ್ಲ."

"ಬೀಗ ಒಡೆದಿದಾರಾ?"

"ಹಾಕಿದ್ದು ಹಾಕಿದ್ದ ಹಾಗೇ ಇತ್ತು."

ಬಾಷಾ ಪೆನ್ನು ಕೆಳಗಿಟ್ಟ. "ಅಮ್ಮಾ, ಮನೇಲೇ ಎಲ್ಲಾದ್ರೂ ಇಟ್ಟು ಮರೆತಿರಬಹುದಲ್ವಾ?"

"ನನ್ನ ಮಗ ಸಾಯೋವಾಗ ಅವನ ಬೈಕಲ್ಲಿದ್ದಿದ್ದು ಅದು. ಮರೆಯಲ್ಲ."

ಮಗ ಕಶ್ಯಪ್‌ಗೆ ಮೂವತ್ತನಾಲ್ಕು ವರ್ಷ. ಹಿಂದಿನ ಅಕ್ಟೋಬರಿನಲ್ಲಿ ಸ್ನೇಹಿತ ಪ್ರದ್ಯುಮ್ನನ ಜೊತೆ ಚೀನಾಕ್ಕೆ ಹೋಗಿ, ಚೆಂಗ್ಡುವಿನಲ್ಲಿ ಬಾಡಿಗೆ ಬೈಕು ಹಿಡಿದು, ಸಿಚುವಾನಿನ ಪಶ್ಚಿಮದ ಬೆಟ್ಟಗಳಿಗೆ ಹೊರಟಿದ್ದ. ನಾಲ್ಕನೇ ದಿನ, ಅಕ್ಟೋಬರ್ 21ರಂದು, ಮುಚ್ಚಿದ ಹಳೇ ರಸ್ತೆಯೊಂದರ ಕುಸಿದ ಅಂಚಿನಿಂದ ಬೈಕಿನ ಸಮೇತ ನದಿಗೆ ಬಿದ್ದು ತೀರಿಕೊಂಡ. ಅವನ ಸಾಮಾನು ಬೆಂಗಳೂರು ತಲುಪಿದ್ದು ಜನವರಿ 12ಕ್ಕೆ. ಭಾನುವಾರ, ಅಂದರೆ 8ನೇ ತಾರೀಖು, ವೇದವತಿ ಆರ್.ಟಿ. ನಗರದಲ್ಲಿ ಸಂಬಂಧಿಕರ ಗೃಹಪ್ರವೇಶಕ್ಕೆ ಹೋಗಿದ್ದರು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಮನೆಯಲ್ಲಿ ಯಾರೂ ಇರಲಿಲ್ಲ. ಸೋಮವಾರ ಮಗನ ಕೋಣೆಯ ಡಬ್ಬ ತೆರೆದಾಗ ಸಾಧನ ಇರಲಿಲ್ಲ.

"ಮುಚ್ಚಿದ ರಸ್ತೆಗೆ ಯಾಕೆ ಹೋದ್ರು?" ಬಾಷಾ ಕೇಳಿದ.

"ಪ್ರದ್ಯುಮ್ನ ಬೇಡ ಅಂತ ಕೂಗಿದನಂತೆ. ಇವನು ಕೇಳದೆ ಅಡ್ಡದಾರಿ ಅಂತ ನುಗ್ಗಿದ. ಚಿಕ್ಕಂದಿನಿಂದ ಹಾಗೇ, ಹುಂಬ." ಅಷ್ಟು ಹೇಳಿ ಅವರು ಕಿಟಕಿಯ ಕಡೆ ನೋಡಿದರು.

11.55ಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ, ಕಲಂ 305 ಮತ್ತು 331: ವಾಸದ ಮನೆಗೆ ಅಕ್ರಮವಾಗಿ ನುಗ್ಗಿ ಕಳವು.

ಮುಂದಿನ ಒಂದು ವಾರ ಬಾಷಾ ಮುಟ್ಟಿದ್ದೆಲ್ಲ ಕೈಕೊಟ್ಟಿತು. ರಸ್ತೆ ಮೂಲೆಯ ಕ್ಯಾಮೆರಾ ಕೆಟ್ಟು ಮೂರು ವಾರವಾಗಿತ್ತು. ಎದುರು ಮನೆಯ ಕ್ಯಾಮೆರಾ ಆ ಮನೆಯವರ ಕಾರನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ಡಬ್ಬದ ಮೇಲೆ ಸಿಕ್ಕ ಬೆರಳಚ್ಚು ವೇದವತಿಯವರದ್ದೇ. ಹಳೇ ಮೊಬೈಲು ಕೊಳ್ಳುವ ಅಂಗಡಿಗಳನ್ನು ಹೆಡ್ ಕಾನ್‌ಸ್ಟೆಬಲ್ ಆಂಜಿನಪ್ಪ ಯಶವಂತಪುರದವರೆಗೂ ಸುತ್ತಿ ಬಂದ. ಇಪ್ಪತ್ತಾರು ವರ್ಷ ಸರ್ವೀಸಿನ ಅವನು ಹುಣಸಮಾರನಹಳ್ಳಿಯವನು, ಈ ಕಡೆಯ ಕಳ್ಳರನ್ನೆಲ್ಲ ಹೆಸರಿನಿಂದ ಬಲ್ಲವನು.

"ಇಂಗೆ ಬೀಗ ಒಡೀದೆ ಬಂದು, ಬಂಗಾರ ಬುಟ್ಟು ಡಬ್ಬ ಎತ್ಕೊಂಡೋಗೋನು ನಮ್ಮ ಲಿಸ್ಟಲ್ಲಿ ಯಾರೂ ಇಲ್ಲ ಸಾ," ಎಂದ.

16ರಂದು ಎಸಿಪಿ ಫೋನು ಮಾಡಿದರು. ಹೆಬ್ಬಾಳದ ಕಡೆ ಸರಗಳ್ಳತನ ಮೂರಾಗಿವೆ, ನೀವು ಆಟಿಕೆ ಹುಡುಕ್ತಾ ಕೂತಿದೀರಂತೆ ಎಂದರು. ಬಾಷಾ "ಸರಿ ಸಾರ್" ಎಂದು ಫೋನಿಟ್ಟು, ಕಡತವನ್ನು ರಪ್ಪನೆ ಮುಚ್ಚಿದ. ಅವನಿಗೆ ಸಿಟ್ಟಿದ್ದುದು ಎಸಿಪಿಯ ಮೇಲಲ್ಲ. ಬೀಗ ತೆರೆಯಬಲ್ಲ ಕೀ ಇದ್ದವನು ಯಾರು ಎಂಬ ಒಂದೇ ಪ್ರಶ್ನೆ. ಅದಕ್ಕೆ ಉತ್ತರ ಸಿಗುತ್ತಿರಲಿಲ್ಲ. ಒಂದು ಕೀ ವೇದವತಿಯ ಬಳಿ ಇತ್ತು, ಇನ್ನೊಂದು ಮೈಸೂರಿನಲ್ಲಿರುವ ಮಗಳು ಸಂಹಿತಾಳ ಬಳಿ. ಮೂರನೆಯದು ಕಶ್ಯಪ್‌ನದು, ಚೀನಾದಲ್ಲೇ ಕಳೆದುಹೋಯಿತು ಎಂದು ವೇದವತಿ ನಂಬಿದ್ದರು.

ಕಡತವನ್ನು ಮತ್ತೆ ತೆರೆದವಳು ಕಾನ್‌ಸ್ಟೆಬಲ್ ಧನುಶ್ರೀ. ಠಾಣೆಗೆ ಬಂದು ಎರಡು ವರ್ಷವಾಗಿದ್ದ ಅವಳಿಗೆ ಕಾಗದಗಳನ್ನು ಕೊನೆಯ ಸಾಲಿನವರೆಗೂ ಓದುವ ಅಭ್ಯಾಸವಿತ್ತು. ಅಪಘಾತದ ಸ್ಥಳದಲ್ಲಿ ಚೀನಾದ ಪೊಲೀಸರು ಮಾಡಿದ್ದ ಸಾಮಾನು ಪಟ್ಟಿಯ ಇಂಗ್ಲಿಷ್ ಪ್ರತಿಯನ್ನು ಅವಳು ಬಾಷಾನ ಮುಂದೆ ಹಿಡಿದಳು.

"ಸಾರ್, ಹನ್ನೊಂದನೇ ನಂಬರ್ ನೋಡಿ. ಕೀ ಗೊಂಚಲು ಒಂದು. ಜೊತೆಯಲ್ಲಿದ್ದವರಿಗೆ ಕೊಡಲಾಗಿದೆ."

ಅದೇ ದಿನ ಮಧ್ಯಾಹ್ನ 3.30ಕ್ಕೆ ಪ್ರದ್ಯುಮ್ನ ಠಾಣೆಗೆ ಬಂದ. ತಣಿಸಂದ್ರದ ಅಪಾರ್ಟ್‌ಮೆಂಟೊಂದರಲ್ಲಿ ಒಬ್ಬನೇ ಇರುತ್ತಿದ್ದ, ಖಾಸಗಿ ಕಂಪನಿಯಲ್ಲಿ ಕೆಲಸ. ಕಣ್ಣಿನ ಕೆಳಗೆ ಕಪ್ಪಾಗಿತ್ತು, ಮಾತು ಮಾತ್ರ ನೆಟ್ಟಗಿತ್ತು.

"ಕೀ ನಿಮ್ಮ ಹತ್ರ ಇದೆಯಾ?"

"ಆಂಟಿಗೆ ಆವಾಗಲೇ ಕೊಟ್ಟಿದೀನಿ ಸಾರ್. ಅವರಿಗೆ ನೆನಪಿಲ್ಲ ಅನ್ಸುತ್ತೆ, ಪಾಪ."

"ಕೊನೇ ಸಲ ಅವರ ಮನೆಗೆ ಹೋಗಿದ್ದು?"

"ಏಳನೇ ತಾರೀಖು, ಶನಿವಾರ. ವಾರಕ್ಕೊಂದು ಸಲ ಹೋಗ್ತೀನಿ."

"ಭಾನುವಾರ?"

"ಮನೇಲೇ ಇದ್ದೆ. ಇಡೀ ದಿನ."

ಮೊಬೈಲ್ ಟವರ್ ವಿವರವೂ ಅದನ್ನೇ ಹೇಳಿತು. ಫೋನು ಭಾನುವಾರ ತಣಿಸಂದ್ರ ಬಿಟ್ಟು ಕದಲಿರಲಿಲ್ಲ. ವೇದವತಿಯವರನ್ನು ಕೇಳಿದರೆ ಅವರು ಪೊಲೀಸರ ಮೇಲೇ ರೇಗಿದರು. "ಶವ ತಂದವನು ಅವನು. ಇವತ್ತಿಗೂ ನನಗೆ ಔಷಧಿ ತಂದು ಕೊಡೋನು ಅವನು. ಅವನ ಮೇಲೆ ಅನುಮಾನ ಪಡ್ತೀರಾ?" ಆದರೆ ಒಂದು ಮಾತು ಅವರ ಬಾಯಿಂದಲೇ ಬಂತು. ಸೋಮವಾರ ಆ ಸಾಧನವನ್ನು ಅಂಗಡಿಗೆ ಕೊಟ್ಟು ಒಳಗೇನಿದೆ ಎಂದು ತೆಗೆಸುತ್ತೇನೆ, ಭಾನುವಾರ ಆರ್.ಟಿ. ನಗರದ ಕೆಲಸವಿದೆ ಎಂದು ಶನಿವಾರ ಅವನಿಗೆ ಅವರೇ ಹೇಳಿದ್ದರು.

ಒಳಗೆ ಏನಿತ್ತು? ಬಾಷಾ ಸಂಹಿತಾಗೆ ಫೋನು ಮಾಡಿದ.

"ಅದು ಕೆಟ್ಟಿತ್ತು ಸಾರ್," ಎಂದಳು ಅವಳು. "ಜನವರಿಯಲ್ಲಿ ಊರಿಗೆ ಬಂದಾಗ ಲ್ಯಾಪ್‌ಟಾಪಿಗೆ ಹಾಕಿ ನೋಡಿದ್ದೆ. ಅಣ್ಣ ಹೋದ ದಾರಿ ಎಲ್ಲಾ ನದಿ ಮೇಲೆ, ಗುಡ್ಡದ ಮೇಲೆ ಬರ್ತಿತ್ತು. ರಸ್ತೆ ಮೇಲೆ ಬರ್ತಾನೇ ಇರ್ಲಿಲ್ಲ."

"ಆ ಫೈಲು ಇದೆಯಾ?"

"ಇದೆ. ಅಳಿಸೋಕೆ ಮನಸ್ಸಾಗ್ಲಿಲ್ಲ."

18ರಂದು ಆ ಫೈಲುಗಳೊಂದಿಗೆ ಬಾಷಾ ಮತ್ತು ಧನುಶ್ರೀ ತಣಿಸಂದ್ರದ ವಾಸು ಎಂಬವನ ಅಂಗಡಿಗೆ ಹೋದರು. ಅವನು ಬೈಕ್ ಪ್ರವಾಸದ ಸಾಮಾನು ಮಾರುತ್ತಿದ್ದ, ಕಶ್ಯಪ್ ಮತ್ತು ಪ್ರದ್ಯುಮ್ನ ಇಬ್ಬರಿಗೂ ಒಂದೇ ಬಗೆಯ ಸಾಧನ ಮಾರಿದ್ದವನು. ಅವನು ಪರದೆಯನ್ನು ನೋಡಿದವನೇ ತಲೆಯಾಡಿಸಿದ.

"ಜಿಪಿಎಸ್ ಕೆಟ್ಟಿಲ್ಲ ಸಾರ್. ಕೆಟ್ಟಿರೋದು ಮ್ಯಾಪು. ಚೀನಾದಲ್ಲಿ ಸರ್ಕಾರದ ರೂಲ್ಸು, ಮ್ಯಾಪನ್ನ ಬೇಕಂತಲೇ ಮುನ್ನೂರು, ನಾನೂರು ಮೀಟರ್ ಪಕ್ಕಕ್ಕೆ ಸರಿಸಿರ್ತಾರೆ. ಅವರ ಆಪ್‌ಗೆ ಅದು ಗೊತ್ತಿರುತ್ತೆ, ನಮ್ಮ ಮಷೀನಿಗೆ ಗೊತ್ತಿರಲ್ಲ. ಸರಿ ಮಾಡಿ ಹಾಕಿದ್ರೆ ನೋಡಿ ಈಗ."

ಅವನು ಏನೋ ಒತ್ತಿದ. ನದಿಯ ಮೇಲಿದ್ದ ನೀಲಿ ಗೆರೆ ಸರಿದು ರಸ್ತೆಯ ಮೇಲೆ ಕೂತಿತು. ಕಶ್ಯಪ್ ನಿಜವಾಗಿ ಹೋದ ದಾರಿ ಅದು. ಫೈಲುಗಳಲ್ಲಿ ಕೆಂಪು ಗೆರೆಯೊಂದೂ ಇತ್ತು, ಹೊರಡುವ ಮೊದಲೇ ಎಳೆದು ಸಾಧನಕ್ಕೆ ತುಂಬಿದ್ದ ಯೋಜನೆಯ ದಾರಿ. ಅದು ಉದ್ದಕ್ಕೂ ರಸ್ತೆಯಿಂದ ನಾನೂರು ಮೀಟರ್ ಆಚೆಗಿತ್ತು.

"ಇದನ್ನ ಎಳೆದೋರು ಸರಿದಿರೋ ಮ್ಯಾಪ್ ಮೇಲೆ ಎಳೆದು, ತಿದ್ದದೆ ಹಾಗೇ ಹಾಕಿದಾರೆ," ವಾಸು ಹೇಳಿದ. "ಬಯಲಲ್ಲಿ ಹೆಂಗೋ ನಡೆಯುತ್ತೆ. ಕಣಿವೇಲಿ ನಾನೂರು ಮೀಟರ್ ಅಂದ್ರೆ ನದಿ ಆಚೆ ದಡ ಸಾರ್."

ಆಚೆ ದಡದಲ್ಲಿ ಇದ್ದದ್ದು ಮುಚ್ಚಿದ ಹಳೇ ರಸ್ತೆ. ಕೆಂಪು ಗೆರೆ ಅದರ ಮೇಲೇ ಬಿದ್ದಿತ್ತು. ಆ ಗೆರೆಯ ಫೈಲಿನ ಹೆಸರನ್ನು ಧನುಶ್ರೀ ಗಟ್ಟಿಯಾಗಿ ಓದಿದಳು: "ಪ್ರದ್ಯುಮ್ನ ಫೈನಲ್."

"ನೀಲಿ ಗೆರೆ ಸೇತುವೆ ಹತ್ರ ಯಾಕೆ ಗಂಟು ಕಟ್ಟಿದೆ?" ಬಾಷಾ ಕೇಳಿದ.

"ನಿಂತಿದಾರೆ ಸಾರ್," ವಾಸು ಹೇಳಿದ. "ಮಧ್ಯಾಹ್ನ 3.52ರಿಂದ 4.39. ನಲವತ್ತೇಳು ನಿಮಿಷ. ಆಮೇಲೆ ಸೇತುವೆ ದಾಟಿದಾರೆ. 4.58ಕ್ಕೆ ದಾರಿ ನಿಂತೋಗಿದೆ."

ನುಗ್ಗುವ ಮನುಷ್ಯ ಸೇತುವೆಯ ಬಳಿ ನಲವತ್ತೇಳು ನಿಮಿಷ ನಿಲ್ಲುವುದಿಲ್ಲ.

ಉದ್ದೇಶ ಸಿಕ್ಕಿತು, ಸಾಕ್ಷ್ಯ ಸಿಗಲಿಲ್ಲ. 19ರಂದು ಆಂಜಿನಪ್ಪ ಪ್ರದ್ಯುಮ್ನನ ಅಪಾರ್ಟ್‌ಮೆಂಟಿಗೆ ಹೋಗಿ ಸೆಕ್ಯುರಿಟಿಯವರ ಜೊತೆ ಕೂತು ಎರಡು ಲೋಟ ಚಹಾ ಕುಡಿದು ಬಂದ. ಅಲ್ಲಿಯ ಗೇಟು ವಾಹನಕ್ಕೆ ಅಂಟಿಸಿದ ಸ್ಟಿಕ್ಕರ್ ಓದಿ ತಾನೇ ತೆರೆಯುತ್ತಿತ್ತು, ಸಮಯವನ್ನೂ ಬರೆದಿಡುತ್ತಿತ್ತು. ಭಾನುವಾರ, 8ನೇ ತಾರೀಖು, ಪ್ರದ್ಯುಮ್ನನ ಬೈಕು 12.10ಕ್ಕೆ ಹೊರಗೆ, 1.35ಕ್ಕೆ ಒಳಗೆ.

"ಫೋನ್ ಮನೇಲಿಟ್ಟು ಓಗವ್ನೆ ಸಾ. ಗೇಟ್ ಮರ್ತವ್ನೆ."

ಫೆಬ್ರವರಿ 20, ಶುಕ್ರವಾರ, ಬೆಳಿಗ್ಗೆ 7.40ಕ್ಕೆ ಅದೇ ಅಪಾರ್ಟ್‌ಮೆಂಟಿನ ಇಬ್ಬರು ನಿವಾಸಿಗಳ ಸಮಕ್ಷಮದಲ್ಲಿ ಶೋಧ ಶುರುವಾಯಿತು. ಧನುಶ್ರೀ ವಿಡಿಯೋ ಮಾಡುತ್ತಿದ್ದಳು. ಪ್ರದ್ಯುಮ್ನ ಗೋಡೆಗೆ ಒರಗಿ ನಿಂತಿದ್ದ. ಆಂಜಿನಪ್ಪ ಅಡುಗೆಮನೆ ಮುಗಿಸಿ ಕಪಾಟಿಗೆ ಕೈ ಹಾಕಿದಾಗ ಪ್ರದ್ಯುಮ್ನನೇ ಹೇಳಿದ:

"ರೈಡಿಂಗ್ ಜಾಕೆಟ್. ಎಡಗಡೆ ಜೇಬು."

ಸಾಧನ ಅಲ್ಲಿತ್ತು, ಅದರ ಜೊತೆ ಕೀ ಗೊಂಚಲೂ ಇತ್ತು. ಪೂರ್ತಿ ಚಾರ್ಜಾಗಿದ್ದ ಸಾಧನದಿಂದ ಒಂದು ಅಕ್ಷರವನ್ನೂ ಅಳಿಸಿರಲಿಲ್ಲ. ಪಂಚನಾಮೆ ಬರೆದು ಸಹಿ ಹಾಕಿಸುವಷ್ಟರಲ್ಲಿ 9.15. ಬಂಧನದ ಸಮಯ ಅದೇ ಎಂದು ದಾಖಲಾಯಿತು.

ಠಾಣೆಯಲ್ಲಿ ಬಾಷಾ ಅವನ ಎದುರು ಕೂತ.

"ದಾರಿ ಎಳೆದಿದ್ದು ನೀವಾ?"

"ಹೌದು."

"ಮ್ಯಾಪ್ ಸರಿದಿರುತ್ತೆ ಅಂತ ಗೊತ್ತಿತ್ತಾ?"

"ಕಶ್ಯಪ್ ಎಲ್ಲೋ ಓದಿ ಹೇಳಿದ್ದ. ಸರಿ ಮಾಡಿದೀಯಾ ಅಂತ ಮೂರು ಸಲ ಕೇಳಿದ. ಮಾಡಿದೀನಿ ಕಣೋ ಅಂದೆ. ಮಾಡಿರ್ಲಿಲ್ಲ."

"ಅಲ್ಲಿಗೆ ಹೋದ್ಮೇಲೆ ತಿಳೀಲಿಲ್ವಾ?"

"ಎರಡನೇ ದಿನಾನೇ ತಿಳೀತು. ಮಗಾ, ಗೆರೆ ಪಕ್ಕಕ್ಕೆ ಬರ್ತಿದೆ ಅಂದ. ಬೆಟ್ಟದಲ್ಲಿ ಸಿಗ್ನಲ್ ಹಂಗೇ, ಗೆರೆ ನಂಬು ಅಂದೆ." ಪ್ರದ್ಯುಮ್ನ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ. "ನಾನು ಅಷ್ಟೊತ್ತಿಗೆ ಫೋನಲ್ಲಿ ಅಲ್ಲಿಯವರ ಆಪ್ ಹಾಕ್ಕೊಂಡಿದ್ದೆ. ಅದು ಸರಿಯಾಗಿ ತೋರಿಸ್ತಿತ್ತು."

"ಅವರಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮೂರು ಸಲ ಸುಳ್ಳು ಹೇಳಿದ್ದು ಒಪ್ಕೋಬೇಕಿತ್ತು. ನಾನು ಮುಂದೆ ಇರ್ತೀನಿ, ಅವನು ಹಿಂದೆ ಬರ್ತಾನೆ, ಗೆರೆ ಯಾಕೆ ಬೇಕು ಅಂದ್ಕೊಂಡೆ."

ನಾಲ್ಕನೇ ದಿನ ಪೆಟ್ರೋಲ್ ಬಂಕಿನಲ್ಲಿ ಇಬ್ಬರೂ ಬೇರೆಯಾದರು. ಅಲ್ಲಿ ಬೈಕಿಗೆ ನೇರ ಪೈಪು ಹಾಕುವುದಿಲ್ಲ, ಪಾಸ್‌ಪೋರ್ಟ್ ಬರೆಸಿಕೊಂಡು ಕ್ಯಾನಿಗೆ ಕೊಡುತ್ತಾರೆ. ಕಶ್ಯಪ್‌ನ ಸರದಿ ತಡವಾಯಿತು. ಪ್ರದ್ಯುಮ್ನ ಬೇಸರವಾಗಿ ಮುಂದೆ ಹೋದ, ಮುಂದಿನ ಊರಿನಲ್ಲಿ ಸಿಗೋಣ ಎಂದು ಕೈ ಮಾಡಿ. ಕೂಗಿದ್ದು, ತಡೆದಿದ್ದು ಎಲ್ಲ ಸುಳ್ಳು. ಆ ಹೊತ್ತಿಗೆ ಅವನು ಇಪ್ಪತ್ತು ಕಿಲೋಮೀಟರ್ ದೂರದಲ್ಲಿದ್ದ.

"ತಾಯಿಗೆ ಯಾಕೆ ಹಂಗೆ ಹೇಳಿದ್ರಿ?"

"ಯಾಕೆ ಹೋದ ಆ ರಸ್ತೆಗೆ ಅಂತ ಕೇಳಿದ್ರು ಸಾರ್, ಫೋನಲ್ಲಿ. ಬಾಯಿಗೆ ಬಂದಿದ್ದು ಅದು. ಅವರು ಹೌದು, ಅವನು ಹಂಗೇ ಹುಂಬ ಅಂದ್ರು. ಆಮೇಲೆ ಪ್ರತಿ ವಾರ ಹೋಗ್ತಿದ್ದೆ, ಇವತ್ತು ಹೇಳ್ಬೇಕು ಅಂತ. ತಿಂಡಿ ಕೊಡೋರು. ತಿಂದು ಬರ್ತಿದ್ದೆ." ಅವನು ತಲೆ ಎತ್ತಲಿಲ್ಲ. "ಆ ಜಿಪಿಎಸ್ ಎಸೆಯೋಣ ಅಂತ ರಾಚೇನಹಳ್ಳಿ ಕೆರೆಗೆ ಎರಡು ಸಲ ಹೋದೆ. ಅವನು ಎಲ್ಲೆಲ್ಲಿ ನಿಂತ ಅಂತ ಅದ್ರಲ್ಲಿ ಮಾತ್ರ ಇದೆ. ಎಸೆಯೋಕೆ ಕೈ ಬರ್ಲಿಲ್ಲ."

ಬಾಷಾ ಹೇಳಿಕೆಗೆ ಸಹಿ ಹಾಕಿಸಿ ಹೊರಗೆ ಬಂದ.

"ಸಾವಿಗೆ ಏನೂ ಹಾಕೋಕಾಗಲ್ವಾ ಸಾರ್?" ಧನುಶ್ರೀ ಕೇಳಿದಳು.

"ಚೀನಾ ಪೊಲೀಸರು ಅಪಘಾತ ಅಂತ ಮುಚ್ಚಿದಾರೆ. ದಾರಿ ತಪ್ಪು ಎಳೆದ ಅಂತ ಯಾವ ಕಲಂ ಹಾಕ್ತೀಯಾ? ಗೆರೆ ನಂಬು ಅಂದಿದ್ದಕ್ಕೆ ಸಾಕ್ಷಿ ಯಾರು?" ಅವನ ದನಿ ಏರಿತ್ತು. "ಜಿಪಿಎಸ್ ಕಳ್ಳ. ಅಷ್ಟೇ. ಸೋಮವಾರದೊಳಗೆ ಜಾಮೀನು ಸಿಗುತ್ತೆ."

ಮಧ್ಯಾಹ್ನ 2.20ಕ್ಕೆ ಬಾಷಾ ತಾನೇ ವೇದವತಿಯವರ ಮನೆಗೆ ಹೋದ. ಎಲ್ಲವನ್ನೂ ಕ್ರಮವಾಗಿ ಹೇಳಿದ. ಅವರು ನಡುವೆ ಬಾಯಿ ಹಾಕಲಿಲ್ಲ.

"ನಾಲ್ಕು ತಿಂಗಳಿಂದ ಬೈತಾ ಇದೀನಿ," ಎಂದರು ಕೊನೆಗೆ. "ದೀಪ ಹಚ್ಚೋವಾಗಲೂ ಬೈದಿದೀನಿ. ನಿನಗೆ ಒಂದು ನಿಮಿಷ ಕಾಯೋಕಾಗ್ಲಿಲ್ವಾ ಅಂತ."

ಆಮೇಲೆ ಅವರು ಬಾಷಾನ ಕಡೆ ತಿರುಗಿದರು.

"ಎಷ್ಟು ಹೊತ್ತು ಅಂದ್ರಿ?"

"ನಲವತ್ತೇಳು ನಿಮಿಷ, ಅಮ್ಮಾ."

"ಅದನ್ನ ಬರೀರಿ. ನಿಮ್ಮ ಕೇಸಿಗೆ ಬೇಡದಿದ್ರೂ ಬರೀರಿ."

ಕಳವಿನ ಪ್ರಕರಣಕ್ಕೆ ಆ ಮಾತಿನ ಅಗತ್ಯವಿರಲಿಲ್ಲ. ಬಾಷಾ ಚೀಲದಿಂದ ಹಾಳೆ ತೆಗೆದು, ಪೂರಕ ಹೇಳಿಕೆ ಎಂದು ಮೇಲೆ ಬರೆದು, ದಿನಾಂಕ, ಸಮಯ ಹಾಕಿದ. ಅವರು ಒಂದೊಂದೇ ಪದ ಬಿಡಿಸಿ ಹೇಳಿದರು, ತರಗತಿಯಲ್ಲಿ ಉಕ್ತಲೇಖನ ಕೊಡುವ ಹಾಗೆ: "ನನ್ನ ಮಗ ಕಶ್ಯಪ್, ಸ್ನೇಹಿತ ಹಿಂದಿರುಗಿ ಬರಬಹುದೆಂದು ಕಾದನು."

ಅವನು ಬರೆದುಕೊಂಡ.