ತಿಂಗಳಿಗೋ, ಒಂದೇ ಸಲಕ್ಕೋ

ಕೆಲಸದ ಮೊದಲ ದಿನ ಅವಳು ಒಂದು ಗಂಟೆ ಮೊದಲೇ ಬಂದದ್ದರಿಂದ ಎಲ್ಲ ಎಡವಟ್ಟಾಯಿತು.

ಚಪ್ಪಲಿ ಅಂಗಡಿಯ ಮೇಲಿನ ಮಹಡಿ, ಕಿರಿದಾದ ಮೆಟ್ಟಿಲು, ತೆರೆದೇ ಇದ್ದ ಬಾಗಿಲು. ಒಳಗೆ ಒಬ್ಬನೇ ಒಬ್ಬ, ದೊಡ್ಡ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ತಲೆಯಾಡಿಸುತ್ತ ಕೂತಿದ್ದ. ಅವಳು ಎರಡು ಸಲ ಕೆಮ್ಮಿದ ಮೇಲೆ ಕಣ್ಣು ತೆರೆದು, ಹೆಡ್‌ಫೋನನ್ನು ಕತ್ತಿಗಿಳಿಸಿದ.

"ಬನ್ನಿ ಬನ್ನಿ. ನಿನ್ನೆ ಫೋನ್ ಮಾಡಿದ್ದು ನೀವೇ ತಾನೆ?"

ಫೋನ್ ಮಾಡಿದ್ದೇನೋ ನಿಜ. ಮಾಡಿದ್ದು ಅವನ ಅಕ್ಕನಿಗೆ ಎಂದು ಹೇಳುವಷ್ಟರಲ್ಲಿ ಅವನು ಕುರ್ಚಿ ಎಳೆದು, ಕೈಯಿಂದಲೇ ಧೂಳು ಒರೆಸಿ, ಅವಳನ್ನು ಕಂಪ್ಯೂಟರ್ ಮುಂದೆ ಕೂರಿಸಿಯಾಗಿತ್ತು. ಹಾಡು ರೆಕಾರ್ಡ್ ಮಾಡಲು ಬರುತ್ತಿಲ್ಲವೆಂದು ಹಿಂದಿನ ದಿನ ಅಳು ದನಿಯಲ್ಲಿ ಫೋನ್ ಮಾಡಿದ್ದ ಯಾರೋ ಗಾಯಕಿ ಇವಳೇ ಎಂದು ಅವನು ತಿಳಿದಿದ್ದ. ಹೆದರಬೇಡಿ, ಈ ಸಾಫ್ಟ್‌ವೇರ್ ಕಚ್ಚುವುದಿಲ್ಲ ಎಂದ. ಒಂದೊಂದು ದನಿಗೂ ಒಂದೊಂದು ಸಾಲು, ತಪ್ಪಿದ ಕಡೆ ಮಾತ್ರ ಅಳಿಸಿ ಮತ್ತೆ ಹಾಡಬಹುದು ಎಂದು ತೋರಿಸಿದ. ಕೊನೆಗೆ ಮೈಕನ್ನು ಅವಳ ಕಡೆ ತಿರುಗಿಸಿ, ಏನಾದರೂ ಗುನುಗಿ ಎಂದ.

ಆಗಲಾದರೂ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಇಷ್ಟು ಸಹನೆಯಿಂದ ಅವಳಿಗೆ ಯಾರಾದರೂ ಏನನ್ನಾದರೂ ಕಲಿಸಿ ಎಷ್ಟೋ ವರ್ಷಗಳಾಗಿದ್ದವು. ಬಾಯಿಗೆ ಬಂದ ನಾಲ್ಕು ಸಾಲು ಗುನುಗಿದಳು. ಅವನು ಅದಕ್ಕೆ ಒಂದಿಷ್ಟು ಪ್ರತಿಧ್ವನಿ ಬೆರೆಸಿ ಕೇಳಿಸಿದ. ಯಾವುದೋ ದೊಡ್ಡ ಖಾಲಿ ಸಭಾಂಗಣದಲ್ಲಿ ನಿಂತು ಹಾಡಿದಂತೆ ಅವಳ ದನಿಯೇ ಅವಳಿಗೆ ಮರಳಿ ಬಂತು. ಅವನು ಪರದೆ ನೋಡುತ್ತಿರಲಿಲ್ಲ. ಅವಳಿಗೆ ಹಿಡಿಸಿತೋ ಇಲ್ಲವೋ ಎಂದು ಓರೆಗಣ್ಣಿನಲ್ಲಿ ಅವಳ ಮುಖವನ್ನೇ ನೋಡುತ್ತಿದ್ದ. ಹಿಡಿಸಿತೆಂದು ಗೊತ್ತಾದಾಗ ಬಹುಮಾನ ಬಂದವನಂತೆ ಮೀಸೆಯಡಿಯಲ್ಲೇ ನಕ್ಕ.

ಅಷ್ಟರಲ್ಲಿ ಅಕ್ಕ ಒಳಗೆ ಬಂದರು.

"ಓ, ಆಗ್ಲೇ ಪರಿಚಯ ಆಯ್ತಾ? ಪುಟ್ಟ, ಇವರೇ ಕಣೋ ನಾನು ಹೇಳ್ತಿದ್ದ ಮೇಡಂ. ನಮ್ಮ ಸಾಫ್ಟ್‌ವೇರಿಗೆ ತಿಂಗಳ ಚಂದಾ ಮಾಡೋಕೆ ಬಂದಿರೋದು."

ಮೂವತ್ತೇಳು ವರ್ಷದ ಪುಟ್ಟನ ಕೈ ಮೌಸಿನ ಮೇಲೆ ನಿಂತೇಹೋಯಿತು. ಕಿವಿ ಕೆಂಪಾಯಿತು. "ಹಾಡೋಕೆ ಚೆನ್ನಾಗಿ ಬರುತ್ತೆ ನಿಮಗೆ," ಎಂದಷ್ಟೇ ಹೇಳಿ ಎದ್ದು ಒಳಕೋಣೆಗೆ ಹೋದ.

ಆ ಆಫೀಸಿನಲ್ಲಿದ್ದವರು ಒಟ್ಟು ಆರು ಜನ. ಮನೆಯಲ್ಲೇ ಕೂತು ಹಾಡು ಕಟ್ಟುವವರಿಗಾಗಿ ಪುಟ್ಟ ಒಂದು ಸಾಫ್ಟ್‌ವೇರ್ ಮಾಡಿದ್ದ. ಅಕ್ಕ ಒಂಬತ್ತು ವರ್ಷದಿಂದ ಅದನ್ನು ಮಾರುತ್ತಿದ್ದರು. ಒಮ್ಮೆ ಕೊಂಡರೆ ಜೀವನಪೂರ್ತಿ ನಿಮ್ಮದೇ ಎಂಬುದು ಅವರ ಮಾತು. ಆದರೆ ಕೊಳ್ಳುವವರೆಲ್ಲ ಕೊಂಡಾಗಿತ್ತು. ಜನರ ಕಂಪ್ಯೂಟರುಗಳು ಬದಲಾದಂತೆಲ್ಲ ಸಾಫ್ಟ್‌ವೇರನ್ನೂ ರಿಪೇರಿ ಮಾಡಬೇಕಿತ್ತು, ಅದೂ ಪುಕ್ಕಟೆ. ಹೀಗೇ ಹೋದರೆ ಹನ್ನೊಂದು ತಿಂಗಳಲ್ಲಿ ಬಾಗಿಲು ಹಾಕಬೇಕಾಗುತ್ತದೆ ಎಂದು ಅಕ್ಕನಿಗೆ ಗೊತ್ತಿತ್ತು. ಯಾವ ವಸ್ತುವಿಗೆ ಎಷ್ಟು ಬೆಲೆ, ಅದನ್ನು ಹೇಗೆ ವಸೂಲು ಮಾಡಬೇಕು ಎಂದು ಕಂಪನಿಗಳಿಗೆ ಹೇಳಿಕೊಡುವುದೇ ಅವಳ ಕೆಲಸ. ಮೂರು ತಿಂಗಳ ಮಟ್ಟಿಗೆ ಅವಳನ್ನು ಕರೆಸಿಕೊಂಡಿದ್ದರು.

ಮೊದಲ ಎರಡು ವಾರ ಪುಟ್ಟ ಅವಳೊಡನೆ ಸರಿಯಾಗಿ ಮಾತೇ ಆಡಲಿಲ್ಲ. ಪಕ್ಕದ ಮೇಜಿನಿಂದ ಅವಳು ಏನಾದರೂ ಕೇಳಿದರೆ ಕಲ್ಲಿನಂತೆ ಕೂತಿರುತ್ತಿದ್ದ. ಬೆನ್ನ ಹಿಂದೆ ಅವಳಿಗೆ 'ಬಾಡಿಗೆ ಮೇಡಂ' ಎಂದು ಹೆಸರಿಟ್ಟಿದ್ದ. ಅದು ಕಿವಿಗೆ ಬಿದ್ದ ಮರುದಿನ ಅವಳು ಅವನಿಂದ ಬರಬೇಕಿದ್ದ ವಿವರಗಳನ್ನೆಲ್ಲ ಚೀಟಿಯಲ್ಲಿ ಬರೆದು, ಕೆಳಗೆ 'ಇಂತಿ, ಬಾಡಿಗೆ ಮೇಡಂ' ಎಂದು ಸಹಿ ಮಾಡಿ ಅವನ ಕೀಬೋರ್ಡಿನ ಮೇಲಿಟ್ಟಳು. ಚೀಟಿ ಓದಿದವನು ತುಟಿ ಕಚ್ಚಿಕೊಂಡು ನಗು ತಡೆದದ್ದನ್ನು ಗಾಜಿನ ಬಾಗಿಲಿನಲ್ಲಿ ನೋಡಿದಳು.

ನಿಜವಾದ ಜಗಳ ನಡೆದದ್ದು ಸೋಮವಾರದ ಮೀಟಿಂಗಿನಲ್ಲಿ.

"ಒಂದು ತಿಂಗಳು ಚಂದಾ ಕಟ್ಟಲಿಲ್ಲ ಅಂದ್ರೆ ಹಾಡಿನ ಫೈಲ್ ತೆರೆಯಲ್ಲ. ಅವರ ಹಾಡು ಅವರಿಗೇ ಸಿಗಲ್ಲ. ಇದು ನ್ಯಾಯಾನಾ?" ಎಂದು ಅವನು ಕೇಳಿದ.

"ಕಂಪನಿನೇ ಮುಚ್ಚಿದ್ರೆ ಯಾರ ಹಾಡು ತೆರೆಯುತ್ತೆ, ಹೇಳಿ."

ಇಬ್ಬರ ಮಾತಿನಲ್ಲೂ ಹುರುಳಿತ್ತು. ಅದಕ್ಕೇ ಇಬ್ಬರೂ ಸೋಲಲೊಲ್ಲರು. ಅಕ್ಕ ಇಬ್ಬರನ್ನೂ ನೋಡಿ ನೋಡಿ ಸಾಕಾಗಿ, ಇಲ್ಲಿ ಕೂತು ಗುದ್ದಾಡುವ ಬದಲು ಕೊಂಡವರನ್ನೇ ಕೇಳಿಕೊಂಡು ಬನ್ನಿ ಎಂದು ವಿಳಾಸಗಳ ಪಟ್ಟಿ ಕೈಗಿಟ್ಟರು.

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಅವನು ಕೂರದೆ ನಿಂತೇ ಇದ್ದ.

"ನೀವು ಈ ಕಡೆ ಬರ್ತೀರಾ? ನನ್ನ ಬಲಗಿವಿ ಅಷ್ಟಕ್ಕಷ್ಟೇ. ಚಿಕ್ಕಂದಿನಿಂದ."

ಅವಳು ಬೆಪ್ಪಾದಳು. ಆಫೀಸಿನಲ್ಲಿ ಅವಳ ಮೇಜು ಇದ್ದದ್ದು ಅವನ ಬಲಕ್ಕೆ. "ಹಾಗಾದ್ರೆ ಇಷ್ಟು ದಿನ ನಾನು ನಿಮ್ಮನ್ನ ಬೈದಿದ್ದು?"

"ಅರ್ಧಕ್ಕರ್ಧ ಉಳಿತಾಯ."

ಅವಳಿಗೆ ನಗು ತಡೆಯಲಾಗಲಿಲ್ಲ. ಮುಂದಿನ ಸೀಟಿನವರು ತಿರುಗಿ ನೋಡಿದರು. ಜಾಗ ಬದಲಿಸಿ ಅವನ ಎಡಕ್ಕೆ ಕೂತಾಗ ಅವನು ಅವಳ ಕಡೆ ತಲೆ ಸ್ವಲ್ಪ ವಾಲಿಸಿದ. ಕೇಳಿಸಲೆಂದೇ ಹಾಗೆ ಮಾಡಿದ್ದು ಎಂದು ಅವಳಿಗೆ ಗೊತ್ತಿತ್ತು. ಆದರೂ ಎದೆ ಒಂದು ತಾಳ ತಪ್ಪಿತು. ಒಂದು ಕಿವಿ ಸರಿಯಿಲ್ಲದೆ ಸಂಗೀತದ ಸಾಫ್ಟ್‌ವೇರ್ ಹೇಗೆ ಮಾಡಿದಿರಿ ಎಂದು ಕೇಳಿದಳು. ಎಡ ಬಲ ಸರಿಯಾಗಿದೆಯೇ ಎಂದು ಅಕ್ಕ ಕೇಳಿ ಹೇಳುತ್ತಾಳೆ, ಒಂಬತ್ತು ವರ್ಷದಲ್ಲಿ ಒಮ್ಮೆಯೂ ಬೇಜಾರು ಮಾಡಿಕೊಂಡಿಲ್ಲ ಎಂದ.

ಆ ವಾರದಲ್ಲಿ ಹನ್ನೆರಡು ಮನೆ ಹತ್ತಿ ಇಳಿದರು. ಎರಡು ಮನೆಯ ಮಾತು ಇಬ್ಬರ ಮನಸ್ಸಿನಲ್ಲೂ ಉಳಿಯಿತು.

ಒಂದು, ನಿವೃತ್ತ ಬಸ್ ಕಂಡಕ್ಟರರ ಮನೆ. ಅವರು ವರ್ಷಕ್ಕೆ ಎರಡೇ ಹಾಡು ಕಟ್ಟುತ್ತಿದ್ದರು, ಇಬ್ಬರು ಮೊಮ್ಮಕ್ಕಳ ಹುಟ್ಟುಹಬ್ಬಕ್ಕೆ ಒಂದೊಂದು. ಚಂದಾ ವಿಷಯ ಕೇಳಿ ಕನ್ನಡಕ ತೆಗೆದರು. "ಹತ್ತು ತಿಂಗಳು ಮುಟ್ಟದೇ ಇರೋದಕ್ಕೂ ದುಡ್ಡು ಕೊಡ್ಬೇಕೇನಮ್ಮ? ಬಸ್ ಹತ್ತದೇ ಇರೋನಿಗೆ ನಾನು ಒಂದು ದಿನಾನೂ ಟಿಕೆಟ್ ಹರಿದಿಲ್ಲ." ಆಮೇಲೆ ಇಬ್ಬರಿಗೂ ಬಲವಂತ ಮಾಡಿ ಎರಡು ಹಾಡನ್ನೂ ಕೇಳಿಸಿದರು. ಶ್ರುತಿ ಎಲ್ಲೆಲ್ಲಿಗೋ ಹೋಗುತ್ತಿತ್ತು. ಅವಳ ಕಣ್ಣು ಮಾತ್ರ ತೇವವಾಯಿತು.

ಇನ್ನೊಂದು ಪಟ್ಟಿಯಲ್ಲಿರಲಿಲ್ಲ, ಕೊಂಡವರೊಬ್ಬರು ಹೇಳಿ ಕಳಿಸಿದ್ದು: ಜಾಹೀರಾತುಗಳಿಗೆ ಟ್ಯೂನ್ ಮಾಡುವ ಹುಡುಗಿಯ ಬಾಡಿಗೆ ಕೋಣೆ. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆಲ್ಲ ಕಂಬಳಿ ತೂಗುಹಾಕಿದ್ದಳು. ಪುಟ್ಟ ಅವಳ ಪರದೆಯನ್ನು ನೋಡಿದೊಡನೆ ಅದು ಕದ್ದ ಪ್ರತಿ ಎಂದು ಗುರುತು ಹಿಡಿದ. ಹುಡುಗಿ ತಲೆ ತಗ್ಗಿಸಿದಳು.

"ಒಂದೇ ಸಲ ಕೊಡೋ ಅಷ್ಟು ದುಡ್ಡು ನನ್ನ ಹತ್ರ ಯಾವತ್ತೂ ಕೂಡಲ್ಲಣ್ಣ. ತಿಂಗಳಿಗೆ ಇಷ್ಟು ಅಂದಿದ್ರೆ ಮೊದಲ ದಿನವೇ ಕೊಡ್ತಿದ್ದೆ. ಕದ್ದು ಮಾಡಿದ ಟ್ಯೂನಿಗೆ ಜನ ಚೆನ್ನಾಗಿದೆ ಅಂದ್ರೂ ಖುಷಿ ಆಗಲ್ಲ."

ಮೆಟ್ಟಿಲಿಳಿದು ಬೀದಿಯ ತಿರುವಿಗೆ ಬಂದರು. ಅಲ್ಲಿ ಅವನು, ನೀವು ಹೇಳಿದ್ದೂ ಸರಿಯೇ ಎಂದ. ಅದೇ ಹೊತ್ತಿಗೆ ಅವಳು, ನೀವು ಹೇಳಿದ್ದೂ ಸರಿಯೇ ಎಂದಳು. ಇಬ್ಬರೂ ನಿಂತರು. ತರಕಾರಿ ಗಾಡಿಯವನು ದಾರಿ ಬಿಡಿ ಎಂದು ಗದರಿದ ಮೇಲೆಯೇ ಅಲ್ಲಿಂದ ಕದಲಿದರು.

ಎದುರಿನ ಚಹಾದಂಗಡಿಯಲ್ಲಿ ಕೂತು ಅವಳ ನೋಟ್‌ಬುಕ್ಕಿನಲ್ಲಿ ಹೊಸ ಯೋಜನೆ ಬರೆದರು. ಒಂದೇ ಸಲ ಕೊಡಬಲ್ಲವರು ಕೊಟ್ಟು ಕೊಳ್ಳಲಿ. ಆಗದವರು ತಿಂಗಳಿಗಿಷ್ಟು ಕಟ್ಟಲಿ, ಹದಿನೆಂಟು ಕಂತು ಮುಗಿದ ಮೇಲೆ ಅದೂ ಅವರದ್ದೇ. ನಡುವೆ ನಿಲ್ಲಿಸಿದರೆ ಹೊಸದು ಮಾಡಲಾಗದು, ಆದರೆ ಮಾಡಿದ ಹಾಡು ಯಾವಾಗಲೂ ತೆರೆಯಬೇಕು. ಎರಡು ವರ್ಷಕ್ಕೊಮ್ಮೆ ಬರುವ ಹೊಸ ಆವೃತ್ತಿ, ಹಳಬರಲ್ಲಿ ಬೇಕಾದವರಿಗೆ ಅರ್ಧ ಬೆಲೆಗೆ. ಕೊನೆಯ ಮಾತು ಬರೆಯುವಾಗ ಒಂದೇ ಪೆನ್ನಿಗೆ ಇಬ್ಬರೂ ಕೈ ಹಾಕಿದರು. ಬೆರಳು ತಾಗಿತು. ಅವನು ಪೆನ್ನು ಬಿಟ್ಟುಕೊಟ್ಟ, ಬೆರಳು ತೆಗೆಯಲು ಮಾತ್ರ ತುಸು ತಡಮಾಡಿದ.

ಅವಳು ನಾಲ್ಕು ದಿನ ಕೂತು ಅಂಕಿಗಳನ್ನು ಹಿಂದೆ ಮುಂದೆ ಮಾಡಿ ನೋಡಿದಳು. ಲೆಕ್ಕ ಸರಿಹೊಂದಿತು. ಹನ್ನೊಂದು ತಿಂಗಳಿದ್ದ ಕಂಪನಿಯ ಆಯುಸ್ಸು ಮೂರು ವರ್ಷಕ್ಕೆ ಏರಿತು. ಅಕ್ಕ ವರದಿಯನ್ನು ಎರಡು ಸಲ ಓದಿ, ಅವಳ ಕೆನ್ನೆ ಹಿಂಡಿದರು.

ಅದರ ಬೆನ್ನಿಗೇ ದೂರದ ಊರಿನ ದೊಡ್ಡ ಕಂಪನಿಯೊಂದು ಅವಳನ್ನು ಕೆಲಸಕ್ಕೆ ಕರೆಯಿತು. ಆಫೀಸಿಗೆಲ್ಲ ಸುದ್ದಿಯಾಯಿತು. ಪುಟ್ಟ ಕಷಾಯ ಕುಡಿದ ಮುಖದಲ್ಲಿ ಅಭಿನಂದನೆ ಹೇಳಿದ. ಮಾರನೆಯ ದಿನ ಅವಳ ಪುಸ್ತಕಗಳನ್ನು ತುಂಬಲೆಂದು ಗಟ್ಟಿಯಾದ ಎರಡು ರಟ್ಟಿನ ಪೆಟ್ಟಿಗೆಗಳನ್ನೂ ತಂದುಕೊಟ್ಟ. ಅವಳಿಗೆ ಆ ಪೆಟ್ಟಿಗೆಗಳನ್ನು ಅವನ ತಲೆಗೇ ಕವುಚಬೇಕೆನ್ನಿಸಿತು.

ಅವಳು ಆಗಲೇ ಆ ಕಂಪನಿಗೆ ಒಲ್ಲೆ ಎಂದು ಬರೆದಾಗಿತ್ತು. ಕೊಳ್ಳುವವರ ಕಷ್ಟಸುಖ ನೋಡಿಕೊಳ್ಳಲು ಇಲ್ಲೇ ಇದ್ದುಬಿಡು, ಸಂಬಳ ಸ್ವಲ್ಪ ಕಡಿಮೆ ಎಂದು ಅಕ್ಕ ಕೇಳಿದ್ದರು. ಅವಳು ಒಪ್ಪಿದ್ದಳು. ಹತ್ತು ವರ್ಷ ಬೆಲೆ ಕಟ್ಟಿದ್ದರೂ ಆ ಬೆಲೆ ಕೊಡುವವರ ಮುಖ ನೋಡಿದ್ದು ಇಲ್ಲಿಯೇ ಮೊದಲು. ಪುಟ್ಟನಿಗೆ ಮಾತ್ರ ಹೇಳಬೇಡಿ ಎಂದು ಕೇಳಿಕೊಂಡಿದ್ದಳು.

"ಅವನಾಗಿ ಕೇಳದೇ ಇದ್ರೆ ಏನ್ಮಾಡ್ತೀಯ?" ಎಂದು ಅಕ್ಕ ಕೇಳಿದ್ದರು.

"ಕೆಲಸ ಮಾಡ್ಕೊಂಡಿರ್ತೀನಿ ಅಕ್ಕ," ಎಂದಿದ್ದಳು. ಹಾಗೆಂದರೂ ದಿನಕ್ಕೆ ಹತ್ತು ಸಲ, ಅವನು ಈಗೀಗ ಹೋಗಿ ಕೂರುತ್ತಿದ್ದ ಒಳಕೋಣೆಯ ಬಾಗಿಲು ನೋಡುತ್ತಿದ್ದಳು.

ಹೊಸ ಬೆಲೆ ಜಾರಿಗೆ ಬರುವ ಎರಡು ದಿನ ಮುಂಚೆ, ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಹಣ ಕಟ್ಟುವ ಪುಟದ ಪರೀಕ್ಷೆ ನಡೆಯುತ್ತಿತ್ತು. ಪುಟ್ಟ ಒಳಕೋಣೆಯಿಂದ ಸುಳ್ಳು ಆರ್ಡರುಗಳನ್ನು ಕಳಿಸುವುದು, ಅವು ತಲುಪಿದವೇ ಎಂದು ಅವಳು ಹೊರಗೆ ನೋಡುವುದು. ಪುಟದ ಕೊನೆಯಲ್ಲಿ 'ನಮಗೇನಾದರೂ ಹೇಳಬೇಕೆ?' ಎಂಬ ಒಂದು ಚೌಕ ಇತ್ತು. ಮೊದಲ ಮೂರರಲ್ಲಿ ಪರೀಕ್ಷೆ ಒಂದು, ಎರಡು, ಮೂರು ಎಂದಿತ್ತು.

ನಾಲ್ಕನೆಯದರಲ್ಲಿ: ಬಟನ್ನಿನ ಬಣ್ಣ ಚೆನ್ನಾಗಿದೆ. ಆರಿಸಿದವರಿಗೆ ತಿಳಿಸಿ.

ಆರಿಸಿದವಳು ಅವಳೇ. ಅವಳ ಬೆನ್ನು ನೆಟ್ಟಗಾಯಿತು.

ಐದನೆಯದರಲ್ಲಿ: ಆರಿಸಿದವರು ಊರು ಬಿಡುವುದು ಯಾವಾಗ?

ಆರು: ಪರೀಕ್ಷೆ ಆರು. ಧೈರ್ಯ ಕೈಕೊಟ್ಟಿತ್ತು ಎಂದು ಕಾಣುತ್ತದೆ. ಐದು ನಿಮಿಷ ಏನೂ ಬರಲಿಲ್ಲ. ಅವಳು ಉಗುರು ಕಚ್ಚಿದಳು.

ಏಳು: ಹೋಗಬೇಡಿ. ನೀವು ಹೋದರೆ ಇಲ್ಲಿ ನನ್ನ ಜೊತೆ ಜಗಳ ಆಡುವವರು ಯಾರೂ ಇಲ್ಲ.

ಎಂಟು: ಅದು ಸುಳ್ಳು, ಜಗಳಕ್ಕೆ ಅಕ್ಕ ಇದ್ದಾಳೆ. ನೀವೆಂದರೆ ನನಗೆ ಇಷ್ಟ. ತುಂಬಾ. ಪೆಟ್ಟಿಗೆ ತಂದುಕೊಟ್ಟದ್ದು ನನ್ನ ಪೆದ್ದುತನ.

ಅವಳು ಅದನ್ನು ಮೂರನೆಯ ಸಲ ಓದುತ್ತಿರುವಾಗ ಪಕ್ಕದ ಕೋಣೆಯಿಂದ ಅಕ್ಕನ ದನಿ ನಿಧಾನವಾಗಿ ತೇಲಿಬಂತು.

"ಪುಟ್ಟ, ಆರ್ಡರ್ ಮೇಲ್ ನಮಗೆಲ್ಲರಿಗೂ ಬರುತ್ತೆ ಕಣೋ."

ಒಳಕೋಣೆಯಲ್ಲಿ ಕುರ್ಚಿ ಬಿದ್ದ ಸದ್ದಾಯಿತು. ಹೊರಗೆ ಯಾರೋ ಕಿಸಕ್ಕೆಂದರು, ಇನ್ಯಾರೋ ಕೆಮ್ಮಿ ಅದನ್ನು ಮುಚ್ಚಿದರು. ಅವಳು ಎದ್ದು, ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವನು ಬಿದ್ದ ಕುರ್ಚಿಯನ್ನು ಎತ್ತುವುದೂ ಮರೆತು ನಿಂತಿದ್ದ.

"ಎಂಟನೇದನ್ನ ಬಾಯಲ್ಲಿ ಹೇಳಿ," ಎಂದಳು.

ಅವನು ಹೇಳಿದ. ಬರೆದದ್ದಕ್ಕಿಂತ ಎರಡು ಮಾತು ಹೆಚ್ಚೇ ಹೇಳಿದ, ನಡುವೆ ಎರಡು ಸಲ ತೊದಲಿದ. ಅವಳು ಪೂರ್ತಿ ಕೇಳಿಸಿಕೊಂಡು, ಹೋದ ವಾರವೇ ಆ ಕೆಲಸ ಒಲ್ಲೆ ಅಂದೆ, ಅಕ್ಕನಿಗೆ ಗೊತ್ತು ಎಂದಳು. ಅವನ ಮುಖದಲ್ಲಿ ಮೊದಲು ಬೆರಗು ಬಂತು, ಆಮೇಲೆ ಅಕ್ಕನ ಮೇಲೆ ಸಿಟ್ಟು, ಕಡೆಗೆ ತಡೆಯಲಾರದ ನಗು.

"ಹಾಗಾದ್ರೆ ನಾನು ಸುಮ್ನಿದ್ರೂ ನೀವು ಇಲ್ಲೇ ಇರ್ತಿದ್ರಿ."

"ಇರ್ತಿದ್ದೆ. ನಾನು ಉಳ್ಕೊಂಡಿದ್ದು ಕೆಲಸಕ್ಕೆ. ಆದ್ರೆ ದಿನಾ ಬೆಳಗ್ಗೆ ಕನ್ನಡಿ ಮುಂದೆ ಅರ್ಧ ಗಂಟೆ ಹಾಳು ಮಾಡೋದು ಕೆಲಸಕ್ಕಲ್ಲ."

ಅವನು ಒಂದು ಹೆಜ್ಜೆ ಮುಂದೆ ಬಂದ. ಕೈ ಚಾಚಿದ. ಅವಳು ಹಿಡಿದುಕೊಂಡಳು. ಹೊರಗೆ ಅಕ್ಕ ಎಲ್ಲರನ್ನೂ ಇವತ್ತು ಬೇಗ ಊಟಕ್ಕೆ ಹೊರಡಿಸುತ್ತಿದ್ದರು. ಒಬ್ಬೊಬ್ಬರದೇ ಹೆಜ್ಜೆಯ ಸದ್ದು ಮೆಟ್ಟಿಲಿಳಿದು ಬೀದಿಯಲ್ಲಿ ಕರಗಿತು.

"ನೀವೂ ಊಟ..." ಎಂದು ಅವನು ಶುರುಮಾಡಿದ.

"ಇನ್ನೂ 'ನೀವು' ಯಾಕೆ?"

ಅವನು ಒಮ್ಮೆ ಗಂಟಲು ಸರಿಮಾಡಿಕೊಂಡ. ಬಾಗಿಲ ಕಡೆ ನೋಡಿದ, ನೆಲ ನೋಡಿದ, ಆಮೇಲೆ ಅವಳನ್ನು ನೋಡಿದ.

"ನೀನು," ಎಂದ. ಮುಂದಿನ ಮಾತು ಬರಲೇ ಇಲ್ಲ. ಅವಳಿಗೂ ಅದಕ್ಕಾಗಿ ಅವಸರವಿರಲಿಲ್ಲ.